ಪರದೇಶದ ಪಾಕಶಾಲೆಗೆ ಹೊರಡುವವರು

ಅಜ್ಞಾತವಾಸದಲ್ಲಿದ್ದ ಭೀಮಸೇನನು ಬಲ್ಲವನೆಂಬ ಹೆಸರಿನಿಂದ ವಿರಾಟರಾಯನಲ್ಲಿ ಅಡಿಗೆಯ ಉದ್ಯೋಗವನ್ನು ಬೇಡಿದಾಗ, ತಾನು ಹಿಂದೆ ಯುಧಿಷ್ಠಿರನ ಪಾಕಶಾಲೆಯಲ್ಲಿದ್ದವನೆಂದು ಹೇಳಿಕೊಂಡನು. ಅರಸನು ಆ ಮಾತನ್ನು ನಂಬಿ ಕೆಲಸ ಕೊಟ್ಟನು. ಇಂದಿನ ಸರಕಾರಗಳಾದರೋ ಬಾಯಿಮಾತನ್ನು ನಂಬತಕ್ಕವಲ್ಲ. ಪರದೇಶದಲ್ಲಿ ಅಡಿಗೆಯ ವೃತ್ತಿಯನ್ನು ಅಪೇಕ್ಷಿಸುವ ತರುಣನಿಗೆ ಕೈರುಚಿಯಷ್ಟೇ ಕಾಗದಪತ್ರಗಳೂ ಅವಶ್ಯಕ. ಮಗನ ಪ್ರಯಾಣಕ್ಕಾಗಿ ಮನೆಯ ಒಡವೆಯನ್ನು ಒತ್ತೆಯಿಡಲು ಯೋಚಿಸುತ್ತಿರುವ ತಂದೆತಾಯಿಗಳು ಮೊದಲು ಇದನ್ನು ಮನಗಾಣತಕ್ಕದ್ದು.

ವೀಸಾ ಎಂಬುದು ಆಯಾ ದೇಶದ ಸರಕಾರವು ಕೊಡುವ ಪ್ರವೇಶಾನುಮತಿ. ದೇಶ ನೋಡಲು ಹೋಗುವವರದು ಬೇರೆ, ದುಡಿಯಲು ಹೋಗುವವರದು ಬೇರೆ. ದುಡಿಯುವ ವೀಸಾಕ್ಕೆ ಬಹುಮಟ್ಟಿಗೆ ಎಲ್ಲೆಲ್ಲಿಯೂ ಅಲ್ಲಿಯ ಧಣಿಯೊಬ್ಬನು ಮೊದಲು ಕರೆಯಬೇಕು. ‘ಈಗ ಪ್ರವಾಸಿಯಾಗಿ ಹೋಗಲಿ, ಅಲ್ಲಿ ಸರಿಪಡಿಸೋಣ’ ಎನ್ನುವ ದಲ್ಲಾಳಿಯನ್ನು ನಂಬಿ ಹೋದವನು, ಸಂಬಳ ಸಿಕ್ಕದಿದ್ದರೂ ದೂರು ಕೊಡಲು ಅಂಜುವ ಸ್ಥಿತಿಗೆ ಬೀಳುವನು.

ದೇಶದೇಶಕ್ಕೆ ದಾರಿ ಬೇರೆ. ಇಂಗ್ಲೆಂಡಿನಲ್ಲಿ ನಿಪುಣ ಕೆಲಸಗಾರರ ವೀಸಾವು ಅಡಿಗೆಯವರಿಗೂ ದೊರೆಯುತ್ತಿದ್ದಿತು. ೨೦೨೫ನೆಯ ಜುಲೈ ೨೨ರಿಂದ ಸಾಮಾನ್ಯವಾಗಿ ಪದವಿಯ ಮಟ್ಟದ ಉದ್ಯೋಗಗಳಿಗೆ ಮಾತ್ರ ಎಂದು ನಿಯಮವಾದ್ದರಿಂದ, ಹೊಸದಾಗಿ ಹೋಗುವ ಅಡಿಗೆಯವರಿಗೆ ಆ ಬಾಗಿಲು ಮುಚ್ಚಿತು. ಈಗಲೂ ಆ ಹೆಸರು ಹೇಳಿ ಹಣ ಕೇಳುವವನಿದ್ದರೆ ಎಚ್ಚರ ವಹಿಸಬೇಕು.

ಜಪಾನಿನಲ್ಲಿ ಎರಡು ದಾರಿಗಳುಂಟು. ಪರದೇಶದ ಪಾಕದಲ್ಲಿ ನುರಿತವರಿಗೆಂದು ಒಂದು. ಇದಕ್ಕೆ ನಮ್ಮವರು ೧೦ ವರ್ಷಗಳ ಅನುಭವವನ್ನು ತೋರಿಸಬೇಕು, ಪಾಕವಿದ್ಯಾಲಯದಲ್ಲಿ ಕಲಿತ ಕಾಲವೂ ಅದರಲ್ಲಿ ಸೇರುವುದು. ೨೦೧೯ನೆಯ ಏಪ್ರಿಲಿನಲ್ಲಿ ಆರಂಭವಾದ ಇನ್ನೊಂದಕ್ಕೆ ಅನುಭವಕ್ಕಿಂತ ಪರೀಕ್ಷೆಯೇ ಮುಖ್ಯ: ಭೋಜನಶಾಲೆಯ ಕೆಲಸದಲ್ಲೊಂದು, ಜಪಾನೀ ಭಾಷೆಯಲ್ಲೊಂದು. ಅದರ ಮೊದಲನೆಯ ದರ್ಜೆಯಲ್ಲಿ ೫ ವರ್ಷದವರೆಗೆ ದುಡಿಯಬಹುದು. ಆದರೆ ಹೆಂಡತಿಮಕ್ಕಳನ್ನು ಕರೆದೊಯ್ಯುವಂತಿಲ್ಲ. ಜರ್ಮನಿಯು ಪರದೇಶದ ವಿಶೇಷ ಭೋಜನಶಾಲೆಗಳಿಗೆ ಆಯಾ ದೇಶದ ಅಡಿಗೆಯವರನ್ನು ಹೆಚ್ಚೆಂದರೆ ೪ ವರ್ಷಗಳ ಮಟ್ಟಿಗೆ ಬಿಟ್ಟುಕೊಳ್ಳುವುದು. ಆಸ್ಟ್ರೇಲಿಯಾದಲ್ಲಿ ೨೦೨೪ನೆಯ ಡಿಸೆಂಬರ್ ೭ರಂದು ಜಾರಿಗೆ ಬಂದ ವ್ಯವಸ್ಥೆಯ ಪಟ್ಟಿಯಲ್ಲಿ ಮುಖ್ಯ ಅಡಿಗೆಯವರ ವೃತ್ತಿಯು ಸೇರಿದೆ. ಒಂದು ವರ್ಷದ ಅನುಭವವೂ ಇಂಗ್ಲಿಷ್ ಜ್ಞಾನವೂ ಬೇಕು. ಎರಡು ವರ್ಷ ದುಡಿದ ಮೇಲೆ ಧಣಿಯ ಮೂಲಕ ಸ್ಥಿರವಾಸಕ್ಕೆ ಕೇಳಿಕೊಳ್ಳಲು ಅವಕಾಶವುಂಟು. ಹೀಗಿರುವುದರಿಂದ, ನಾಲ್ಕು ಕಾಸು ಕೂಡಿಸಿ ಮರಳುವ ಉದ್ದೇಶವೋ, ಸಂಸಾರಸಮೇತ ನೆಲೆಸುವ ಉದ್ದೇಶವೋ ಎಂಬುದನ್ನು ಮನೆಯವರೆಲ್ಲರೂ ಕುಳಿತು ಮೊದಲೇ ನಿಶ್ಚಯಿಸಿಕೊಳ್ಳುವುದು ಮೇಲು.

ಉಡುಪಿಯ ಕಡೆಯ ಹೋಟೆಲುಗಳಲ್ಲಿ ರುಬ್ಬುವುದರಿಂದ ಮೊದಲ್ಗೊಂಡು ಒಲೆಯ ಮುಂದಿನ ಮುಖ್ಯಸ್ಥಾನದವರೆಗೆ ಏರಿದ ನಿಪುಣರು ನಮ್ಮಲ್ಲಿ ಬಹುಮಂದಿ. ಅವರಲ್ಲನೇಕರಿಗೆ ವಿದ್ಯೆಯುಂಟು, ಸಾಕ್ಷಿಯಿಲ್ಲ. ಆದುದರಿಂದ ಕೆಲಸ ಬಿಡುವಾಗಲೆಲ್ಲ ಧಣಿಯಿಂದ ಸೇರಿದ ದಿನ, ಬಿಟ್ಟ ದಿನ, ಮಾಡಿದ ಕೆಲಸ, ಇವುಗಳನ್ನು ಕಾಣಿಸಿದ ಪತ್ರವನ್ನು ಸಹಿಮೊಹರುಗಳೊಡನೆ ಪಡೆಯತಕ್ಕದ್ದು. ಸಂಬಳದ ಚೀಟಿಯನ್ನೂ ಭವಿಷ್ಯನಿಧಿಯ ಲೆಕ್ಕವನ್ನೂ ಕಾಪಾಡಿಕೊಳ್ಳತಕ್ಕದ್ದು. ಹೋಟೆಲು ಮುಚ್ಚಿದ ಮೇಲೆ ಹತ್ತು ವರ್ಷದ ದುಡಿಮೆಗೆ ಸಾಕ್ಷಿ ನುಡಿಯುವವರಾರು?

ಇನ್ನು ದಲ್ಲಾಳಿಗಳ ವಿಚಾರ. ೧೯೮೩ನೆಯ ವಲಸೆ ಕಾಯಿದೆಯಂತೆ ಸರಕಾರದಲ್ಲಿ ನೋಂದಾಯಿತರಾದವರು ಮಾತ್ರ ಪರದೇಶದ ಕೆಲಸಕ್ಕೆ ಜನರನ್ನು ಸೇರಿಸಬಹುದು. ಅವರು ಪಡೆಯಬಹುದಾದ ಶುಲ್ಕವು ೩೦,೦೦೦ ರೂಪಾಯಿ ಮತ್ತು ಅದರ ಮೇಲಣ ತೆರಿಗೆ. ಅದಕ್ಕೆ ರಸೀತಿಯನ್ನು ಕೇಳಬೇಕು. ನೋಂದಣಿಯ ಸಂಖ್ಯೆಯನ್ನು ಇ-ಮೈಗ್ರೇಟ್ ಎಂಬ ಸರಕಾರದ ಜಾಲತಾಣದಲ್ಲಿ ಪರೀಕ್ಷಿಸಬಹುದು. ಹತ್ತನೆಯ ತರಗತಿ ಮುಗಿಸದವರು ಕೊಲ್ಲಿಯ ದೇಶಗಳಿಗೆ ಕೆಲಸಕ್ಕೆ ಹೊರಡುವುದಾದರೆ ಸಾಮಾನ್ಯವಾಗಿ ವಲಸೆಯ ಅನುಮತಿಯನ್ನೂ ಪಡೆಯಬೇಕಾಗುವುದು.

ನಿಯಮಗಳು ಆಗಾಗ ಮಾರ್ಪಡುವುದರಿಂದ, ಹಣ ಕಟ್ಟುವ ಮುನ್ನ ಆ ದೇಶದ ಸರಕಾರದ ಪ್ರಕಟಣೆಯನ್ನೇ ನೋಡತಕ್ಕದ್ದು; ಓದು ಬಲ್ಲವರೊಬ್ಬರು ಮನೆಯಲ್ಲಿದ್ದರೆ ಸಾಕು. ಊರಿಗೆಲ್ಲ ಉಣಬಡಿಸುವ ಕೈ ಸಾಲಗಾರನ ಮುಂದೆ ಚಾಚದಿರಲಿ.