ಫಕೀರವ್ವ ಯಾಕೆ ಫಕೀರಮ್ಮ ಆಗಬೇಕು?

ಪತ್ರಿಕೆಯ ಒಳಪುಟದ ‘ಹೆಸರು ಬದಲಾವಣೆ’ ಜಾಹೀರಾತುಗಳನ್ನು ಓದುವ ಚಟ ನನಗೆ. ಹುಬ್ಬಳ್ಳಿ ಕಡೆಯವುಗಳಲ್ಲಿ ಒಂದು ಧಾಟಿ ಮತ್ತೆ ಮತ್ತೆ ಕಾಣುತ್ತದೆ: ಫಕೀರವ್ವ, ಫಕೀರಮ್ಮ ಎರಡೂ ನನ್ನವೇ ಹೆಸರು. ನೋಟರಿ ಮುಂದೆ ನಿಂತು ನಾನೇ ನಾನು ಎಂದು ಪ್ರಮಾಣ ಮಾಡುವ ಫಜೀತಿ ಅದು.

ಹೆಸರನ್ನೇ ನೋಡಿ. ಫಕೀರ ಅರಬ್ಬಿಯಿಂದ ಬಂದದ್ದು, ಅವ್ವ ನಮ್ಮದು. ಶಿರಹಟ್ಟಿಯ ಫಕೀರೇಶ್ವರ ಮಠಕ್ಕೆ ನಡೆದುಕೊಳ್ಳುವ ಮನೆಯಲ್ಲಿ ಗಂಡು ಹುಟ್ಟಿದರೆ ಫಕೀರಪ್ಪ, ಹೆಣ್ಣು ಹುಟ್ಟಿದರೆ ಫಕೀರವ್ವ. ಹನಮಂತದೇವರಿಗೆ ಹರಕೆ ಹೊತ್ತವರ ಮಗಳು ಹನಮವ್ವ; ಬ್ರಹ್ಮಚಾರಿಯ ಹೆಸರು ಹೆಣ್ಣಿಗೆ ಹೇಗೆ ಎಂಬ ತಕರಾರು ನಮ್ಮ ಓಣಿಯಲ್ಲಿ ಎದ್ದದ್ದಿಲ್ಲ. ಗೆಳೆಯನೊಬ್ಬ ಇವನ್ನೆಲ್ಲ ‘ಗಂಡು ಹೆಸರಿಗೆ ಸೀರೆ ಉಡಿಸಿದ್ದು’ ಎಂದು ನಕ್ಕಿದ್ದ. ಹಾಗಾದರೆ ಯಲ್ಲಪ್ಪ, ದ್ಯಾಮಪ್ಪ, ದುರ್ಗಪ್ಪ ಎಲ್ಲಿಂದ ಬಂದರು? ಸವದತ್ತಿಯ ಯಲ್ಲಮ್ಮನಿಂದ, ಊರ ದ್ಯಾಮವ್ವನಿಂದ, ದುರ್ಗವ್ವನಿಂದ. ದೇವರ ಹೆಸರು ಮೊದಲು, ಅಪ್ಪನೋ ಅವ್ವನೋ ಆಮೇಲೆ. ಇಂಗ್ಲಿಷಿನ ಹೆನ್ರಿಯೆಟಾ ಹಾಗಲ್ಲ. ಹೆನ್ರಿಯ ಬೆನ್ನಿಗೆ ‘ಚಿಕ್ಕದು’ ಎಂಬರ್ಥದ ಪ್ರತ್ಯಯ ಅಂಟಿಸಿಕೊಂಡು ಬಂದವಳು. ನಾವಾದರೆ ತೊಟ್ಟಿಲ ಕೂಸನ್ನೂ ಅವ್ವ ಎನ್ನುತ್ತೇವೆ.

ಬಾಲ ಬದಲಿಸಿದರೆ ಸಾಕು, ಗಂಡು ಹೆಸರು ಹೆಣ್ಣಿನದಾಗುತ್ತದೆ: ಮಂಜುನಾಥ ಎಂಬ ಹೆಸರಿನಲ್ಲಿ ಬೆಳೆದು ಯಲ್ಲಮ್ಮನ ಜೋಗತಿಯಾದವರು ಮಂಜಮ್ಮ. ಬೇರೆ ಹೆಸರು ಹುಡುಕಬೇಕಾಗಲಿಲ್ಲ. 2021ರ ಪದ್ಮಶ್ರೀ ಬಂದದ್ದೂ ಆ ಹೆಸರಿಗೇ.

ಎಲ್ಲವೂ ಚೆಂದ ಎನ್ನಲಾರೆ. ಇನ್ನು ಹೆಣ್ಣು ಸಾಕು ಎಂದು ಹೆಸರಿಟ್ಟ ಸಾಕವ್ವನೂ ಈ ಸಾಲಿನಲ್ಲೇ ಇದ್ದಾಳೆ.

ಬಸವ್ವ ಎನ್ನಿಸಿಕೊಳ್ಳಲು ಕಾಲೇಜು ಹುಡುಗಿ ನಾಚಿದರೆ ಅದು ಅವಳಿಷ್ಟ. ಅದೇ ಬಸವ ಬೇರೆ ರೂಪದಲ್ಲೂ ಸಿಗುತ್ತಾನೆ: ಬಳ್ಳಾರಿಯ ಸಂಸದೆ, ಕೇಂದ್ರ ಸಚಿವೆಯಾಗಿದ್ದವರ ಹೆಸರು ಬಸವರಾಜೇಶ್ವರಿ. ಅದರ ಗತ್ತೇ ಬೇರೆ. ನನ್ನ ತಕರಾರು ಇರುವುದು ಕೇಳದೆಯೇ ಹೆಸರು ತಿದ್ದುವವರ ಮೇಲೆ. ಅಜ್ಜಿ ‘ಕಲ್ಲವ್ವ ರೀ’ ಎಂದರೆ, ಕಂಪ್ಯೂಟರ್ ಮುಂದೆ ಕೂತವರ ಬೆರಳು ‘ಕಲ್ಲಮ್ಮ’ ಎಂದು ಒತ್ತುತ್ತದೆ. ಅವ್ವ ಹಳ್ಳಿಯದು, ಅಮ್ಮ ಶಿಷ್ಟ ಎಂಬ ಎಣಿಕೆ ಆ ಬೆರಳಿನಲ್ಲಿದೆ.

ಮೊದಲು ಇದರಿಂದ ಹೆಚ್ಚು ನಷ್ಟವಿರಲಿಲ್ಲ. 2023ರ ಆಗಸ್ಟ್‌ನಲ್ಲಿ ಮನೆಯೊಡತಿಯ ಖಾತೆಗೆ ಸರ್ಕಾರ ಹಣ ಹಾಕುವ ಗೃಹಲಕ್ಷ್ಮಿ ಯೋಜನೆ ಶುರುವಾದ ಮೇಲೆ ತಿಂಗಳಿಗೆ 2,000 ರೂಪಾಯಿಯ ಪ್ರಶ್ನೆಯಾಗಿದೆ. ಪಡಿತರ ಚೀಟಿಯಲ್ಲಿ ಅವ್ವ, ಆಧಾರ್‌ನಲ್ಲಿ ಅಮ್ಮ, ಪಾಸ್‌ಬುಕ್‌ನಲ್ಲಿ ಎರಡೂ ಇಲ್ಲದ ಬರೀ ‘ಕಲ್ಲ’ ಎಂದಿದ್ದರೆ ಮುದುಕಿ ಕೂಲಿ ಬಿಟ್ಟು ಕಚೇರಿಯಿಂದ ಕಚೇರಿಗೆ ಅಲೆಯಬೇಕು.

ಅವ್ವ, ಅಮ್ಮ ಎಂಬಷ್ಟೇ ವ್ಯತ್ಯಾಸವಿದ್ದರೆ ಅದನ್ನು ಒಂದೇ ಹೆಸರೆಂದು ಒಪ್ಪುವಂತೆ ಸರ್ಕಾರ ಒಂದು ಸುತ್ತೋಲೆ ಹೊರಡಿಸಲಿ. ಬರೆದುಕೊಳ್ಳುವವರು ಆಕೆ ಹೇಳಿದ್ದನ್ನು ಹೇಳಿದಂತೆಯೇ ಬರೆದುಕೊಳ್ಳಲಿ.