‘ಟಪ್’ ಎಂದ ಗುಂಡು

ಹೋದ ತಿಂಗಳ ಅಂಕಣದಲ್ಲಿ ಮಗಳ ಪಿಸ್ತೂಲ್ ಶೂಟಿಂಗ್ ಹುಚ್ಚಿನ ಬಗ್ಗೆ ಒಂದೇ ಒಂದು ಸಾಲು ಬರೆದಿದ್ದೆ. ಚೆಂಬೂರಿನಿಂದ, ಸಿಕಂದರಾಬಾದಿನಿಂದ, ದೆಹಲಿಯ ಕರೋಲ್ ಬಾಗಿನಿಂದ ಬಂದ ಪತ್ರಗಳಲ್ಲೆಲ್ಲ ಅದೇ ಪ್ರಶ್ನೆ: ‘ನಿಮಗೆ ಹೆದರಿಕೆ ಆಗುವುದಿಲ್ಲವೇ?’ ಆಗುತ್ತದೆ. ಆದರೆ ಯಾವುದಕ್ಕೆ ಹೆದರಬೇಕು ಎಂದು ತಿಳಿದ ಮೇಲೆ ಆ ಹೆದರಿಕೆಯೂ ಕೆಲಸಕ್ಕೆ ಬರುತ್ತದೆ. ಅದನ್ನು ನನಗೆ ತಿಳಿಸಿಕೊಟ್ಟವರು ನಮ್ಮ ಸೊಸೈಟಿಯ ಧಾರವಾಡದ ಕಾಕಾ.

ಕಾಕಾ ದುಡಿದದ್ದೆಲ್ಲ ಇಲ್ಲೇ ಪುಣೆಯ ಖಡಕಿಯ ಆಮ್ಯುನಿಷನ್ ಫ್ಯಾಕ್ಟರಿಯಲ್ಲಿ. 1869ರಲ್ಲಿ ಶುರುವಾದ ಕಾರ್ಖಾನೆ ಅದು. ಅವರದು ತಪಾಸಣೆಯ ವಿಭಾಗ. ಭಾನುವಾರ ಅವಲಕ್ಕಿ ತಿನ್ನುತ್ತಾ ಕೂತಿದ್ದಾಗ ನಾನು ದೊಡ್ಡ ಧೈರ್ಯವಂತೆಯ ಹಾಗೆ, ‘ಗುಂಡು ಒಳ್ಳೆ ಕಂಪನಿಯದು ಕಾಕಾ, ಸೀಲ್ ಮಾಡಿದ ಡಬ್ಬಿ, ಚಿಂತೆಯಿಲ್ಲ’ ಎಂದೆ. ಅವರು ಚಮಚ ಕೆಳಗಿಟ್ಟರು.

‘ಅನ್ನ ಬೆಂದದೋ ಇಲ್ಲೋ ಅಂತ ನೀ ಎಲ್ಲಾ ಅಗಳೂ ಹಿಚುಕಿ ನೋಡ್ತೀ ಏನವಾ? ಒಂದೆರಡು ನೋಡ್ತೀ. ಗುಂಡಿಂದೂ ಹಂಗ. ಹಾರಿಸಿ ನೋಡಿದ್ರ ಅದು ಮುಗೀತು, ಮತ್ತ ಮಾರಲಿಕ್ಕೆ ಬರೂದಿಲ್ಲ!’

ನಾನು ಅಲ್ಲಿಯವರೆಗೆ ಯೋಚಿಸಿಯೇ ಇರಲಿಲ್ಲ. ಅಳತೆ, ಆಕಾರಗಳನ್ನು ಯಂತ್ರದಿಂದ ನೋಡಬಹುದು. ಆದರೆ ಗುಂಡು ಸರಿಯಾಗಿ ಹಾರುತ್ತದೆಯೇ ಎಂದು ತಿಳಿಯಲು ಇರುವ ಖಚಿತ ದಾರಿ ಅದನ್ನು ಹಾರಿಸುವುದು. ಹಾಗಾಗಿ ಪ್ರತಿ ಲಾಟಿನಿಂದ ಕೆಲವನ್ನು ಆರಿಸಿ ಹಾರಿಸುತ್ತಾರೆ, ಉಳಿದದ್ದನ್ನು ಅವುಗಳ ನಂಬಿಕೆಯ ಮೇಲೆ ಕಳಿಸುತ್ತಾರೆ. ದೋಷದ ಗುಂಡು ಅಪರೂಪ, ನಿಜ. ಆದರೆ ತರಬೇತಿಯಲ್ಲಿರುವ ಹುಡುಗಿ ವರ್ಷಕ್ಕೆ ಸಾವಿರಗಟ್ಟಲೆ ಹಾರಿಸುತ್ತಾಳೆ. ಅಪರೂಪದ್ದು ಎಂದಾದರೊಂದು ದಿನ ಅವಳ ಕೈಗೂ ಬರುತ್ತದೆ.

ಮುಂದಿನ ಭಾನುವಾರ ಕಾಕಾ ನಮ್ಮ ಜೊತೆ ರೇಂಜಿಗೆ ಬಂದರು. ಮಗಳು 25 ಮೀಟರ್ ಪಿಸ್ತೂಲಿನವಳು, ಅವಳದು ಪಾಯಿಂಟ್ ಟೂಟೂ. ಮೇಜಿನ ಮೇಲೆ ಬಿಳಿ ಕರವಸ್ತ್ರ ಹಾಸಿ, ಐವತ್ತು ಗುಂಡುಗಳ ಡಬ್ಬಿಯನ್ನು ಮೆಲ್ಲಗೆ ಅದರ ಮೇಲೆ ಸುರಿಸಿದರು. ಅಕ್ಕಿ ಆರಿಸುವ ಹಾಗೆ ಒಂದೊಂದನ್ನೇ ಬೆರಳಲ್ಲಿ ತಿರುಗಿಸಿ ನೋಡುತ್ತಾ ಹೋದರು. ಸೀಸದ ತುದಿ ನೆಟ್ಟಗಿದೆಯೇ, ಓರೆಯಾಗಿದೆಯೇ? ಹಿಡಿದು ಸ್ವಲ್ಪ ತಿರುಗಿಸಿದರೆ ಸಡಿಲವಾಗಿ ಆಡುತ್ತದೆಯೇ? ಹಿತ್ತಾಳೆ ಕೇಸಿನಲ್ಲಿ ಬಿರುಕು, ತಗ್ಗು ಇದೆಯೇ? ತಾಮ್ರದ ಪಾತ್ರೆಗೆ ಹಿಡಿಯುವಂಥ ಹಸಿರು ಕಿಲುಬು ಹಿಡಿದಿದೆಯೇ? ಟೂಟೂ ಗುಂಡಿಗೆ ಕಿಡಿ ಹೊತ್ತಿಸುವ ರಾಸಾಯನಿಕ ಇರುವುದು ಬುಡದ ಅಂಚಿನೊಳಗೆ, ಸುತ್ತಲೂ. ಅಂಚು ಜಜ್ಜಿದ್ದರೆ ಅದನ್ನು ಬದಿಗಿಡಬೇಕು.

ಪಕ್ಕದ ಮೇಜಿನಲ್ಲಿ ನಿವೃತ್ತ ಅಧಿಕಾರಿಯೊಬ್ಬರು ಪಾಯಿಂಟ್ ಥರ್ಟಿಟೂ ಇಟ್ಟುಕೊಂಡಿದ್ದರು. ಕಾಕಾ ಅದನ್ನೂ ಬಿಡಲಿಲ್ಲ. ಅದರ ಬುಡದ ನಡುವೆ ಪ್ರೈಮರ್ ಎಂಬ ಪುಟ್ಟ ಬಟ್ಟಲು ಇರುತ್ತದೆ. ಬೆರಳು ಸವರಿದರೆ ಅದು ಬುಡಕ್ಕೆ ಸಮನಾಗಿ, ಅಥವಾ ಕೂದಲೆಳೆಯಷ್ಟು ಒಳಗೆ ಇರಬೇಕು. ಉಬ್ಬಿದ್ದರೆ, ಓರೆಯಾಗಿದ್ದರೆ, ತಲೆಕೆಳಗಾಗಿ ಕೂತಿದ್ದರೆ ಬೇಡ. ಎಲ್ಲ ಗುಂಡುಗಳನ್ನೂ ಬುಡ ಕೆಳಗೆ ಮಾಡಿ ಸಾಲಾಗಿ ನಿಲ್ಲಿಸಿದರು. ಒಂದು ಅಲುಗಾಡಿದರೆ ಪ್ರೈಮರ್ ಉಬ್ಬಿರಬಹುದು, ಒಂದು ಕುಳ್ಳಗೆ ಕಂಡರೆ ಗುಂಡಿನ ತುದಿ ಒಳಕ್ಕೆ ಜರುಗಿರಬಹುದು. ಒಳಕ್ಕೆ ಜರುಗಿದರೆ ಮದ್ದಿಗೆ ಜಾಗ ಕಡಿಮೆ, ಒತ್ತಡ ವಿಪರೀತ. ಒಂದೇ ಗುಂಡನ್ನು ದಿನಾ ಪಿಸ್ತೂಲಿಗೆ ತುಂಬಿ, ರಾತ್ರಿ ತೆಗೆದು, ಬೆಳಿಗ್ಗೆ ಮತ್ತೆ ತುಂಬುವವರಲ್ಲಿ ಇದು ಆಗುತ್ತದಂತೆ. ಕೊನೆಗೆ ಬುಡದ ಮೇಲಿನ ಅಕ್ಷರ ಓದಿಸಿದರು. ಥರ್ಟಿಟೂ ಎಂಬ ಹೆಸರಿನಲ್ಲೇ ಬೇರೆ ಬೇರೆ ಗುಂಡುಗಳಿವೆ. ಡಬ್ಬಿಯ ಮೇಲಿನದು, ಗುಂಡಿನ ಬುಡದ ಮೇಲಿನದು, ಪಿಸ್ತೂಲಿನ ಮೇಲಿನದು, ಮೂರೂ ತಾಳೆಯಾಗಬೇಕು.

ಇಷ್ಟಾದ ಮೇಲೆ ನನಗೆ ನೆಮ್ಮದಿಯಾಯಿತು. ಕಾಕಾ ಅದನ್ನೂ ಕೆಡಿಸಿದರು. ‘ಒಳಗ ಮದ್ದು ಇಲ್ಲದಿದ್ರ ಏನ್ ಮಾಡ್ತೀ?’ ತೂಕ ಹಾಕಿದರಾಯಿತು ಎಂದೆ. ಟೂಟೂ ಗುಂಡಿನ ಸೀಸವೇ ಸುಮಾರು ಎರಡೂವರೆ ಗ್ರಾಂ, ಮದ್ದು ಒಂದು ಗ್ರಾಮಿನ ಹತ್ತನೇ ಒಂದು ಭಾಗದಷ್ಟು. ಸೀಸ, ಹಿತ್ತಾಳೆಗಳ ತೂಕದಲ್ಲೇ ಗುಂಡಿನಿಂದ ಗುಂಡಿಗೆ ಅಷ್ಟಿಷ್ಟು ಹೆಚ್ಚುಕಮ್ಮಿ ಇರುವುದರಿಂದ ತಕ್ಕಡಿಯನ್ನು ನಂಬುವಂತಿಲ್ಲ. ‘ಕಣ್ಣಿಗೆ ಕಾಣದ್ದನ್ನ ಕಿವಿ ಹಿಡೀಬೇಕು, ಕೈ ಹಿಡೀಬೇಕು’ ಎಂದು ಮಗಳ ಕಡೆ ತಿರುಗಿದರು. ‘ಸಪ್ಪಳ ಸಣ್ಣದಾತು, ಕೈಗೆ ಒದೆತ ಕಮ್ಮಿ ಅನಿಸ್ತು ಅಂದ್ರ ನಿಂತುಬಿಡು. ಯಾರು ಏನರ ಅನ್ನಲಿ.’

ಮಳೆಗಾಲ ಮುಗಿದು ಕ್ಲಬ್‌ಗಳ ನಡುವಿನ ಪಂದ್ಯ ಬಂತು. ರ‍್ಯಾಪಿಡ್ ಸುತ್ತಿನಲ್ಲಿ ಪ್ರತಿ ಗುಂಡಿಗೆ ಮೂರು ಸೆಕೆಂಡು, ನಡುವೆ ಏಳು ಸೆಕೆಂಡು ಬಿಡುವು. ಅವಳು ಎರಡು ಹೊಡೆದಳು. ಮೂರನೆಯದಕ್ಕೆ ‘ಢಂ’ ಎನ್ನುವ ಬದಲು ‘ಟಪ್’ ಎಂದಿತು, ಬಾಟಲಿಯ ಬಿರಡೆ ತೆಗೆದ ಹಾಗೆ. ಸ್ಲೈಡ್ ಪೂರ್ತಿ ಹಿಂದೆ ಹೋಗಲಿಲ್ಲ. ನನ್ನ ಹಿಂದೆ ಯಾರೋ ಹುಡುಗ, ‘ಅರೆ, ರ‍್ಯಾಕ್ ಕರ್!’ ಎಂದು ಪಿಸುಗುಟ್ಟಿದ. ಗುಂಡು ಸಿಕ್ಕಿಕೊಂಡರೆ ಸ್ಲೈಡ್ ಎಳೆದು ಮುಂದಿನದನ್ನು ತುಂಬುವುದು ಅಭ್ಯಾಸವಾದ ಕೈಗೆ ಎರಡು ಸೆಕೆಂಡಿನ ಕೆಲಸ. ಏಳು ಸೆಕೆಂಡು ಧಾರಾಳ.

ಅವಳು ಎಳೆಯಲಿಲ್ಲ. ಪಿಸ್ತೂಲನ್ನು ಗುರಿಯ ಕಡೆಗೇ ಹಿಡಿದು, ಬೆರಳನ್ನು ಟ್ರಿಗರಿನಿಂದ ತೆಗೆದು, ಇನ್ನೊಂದು ಕೈ ಮೇಲೆತ್ತಿದಳು.

ರೇಂಜ್ ಆಫೀಸರ್ ಬಂದರು. ಸ್ವಲ್ಪ ಹೊತ್ತು ಹಾಗೇ ಹಿಡಿದಿರಲು ಹೇಳಿ, ಆಮೇಲೆ ಪಿಸ್ತೂಲು ಖಾಲಿ ಮಾಡಿಸಿ, ಬ್ಯಾರೆಲ್ಲಿನೊಳಗೆ ಸಲಾಕೆ ಇಳಿಸಿದರು. ಅರ್ಧಕ್ಕೇ ನಿಂತಿತು. ಸೀಸದ ತುದಿ ಅಲ್ಲೇ ಕೂತಿತ್ತು. ಪ್ರೈಮರಿನ ಬಲವಷ್ಟೇ ಅದನ್ನು ಅಲ್ಲಿಯವರೆಗೆ ತಳ್ಳಿತ್ತು. ಅದರ ಹಿಂದೆ ಇನ್ನೊಂದು ಗುಂಡು ಹಾರಿಸಿದ್ದರೆ ಬ್ಯಾರೆಲ್ ಉಬ್ಬುತ್ತಿತ್ತು, ಇಲ್ಲವೇ ಸೀಳುತ್ತಿತ್ತು. ಸೀಳಿದ್ದರೆ ಅವಳ ಕೈ, ಮುಖ, ಪಕ್ಕದ ಹುಡುಗಿಯ ಕಣ್ಣು. ನನಗೆ ಕಾಲಲ್ಲಿ ಶಕ್ತಿಯಿಲ್ಲದ ಹಾಗಾಗಿ ಬೆಂಚಿನ ಮೇಲೆ ಕೂತೆ. ಆ ಡಬ್ಬಿಯನ್ನು ಬೆಳಿಗ್ಗೆ ನಾವಿಬ್ಬರೂ ಕೂತು ಆರಿಸಿದ್ದೆವು. ಆ ಗುಂಡು ನೋಡಲು ಉಳಿದ ನಲವತ್ತೊಂಬತ್ತರ ಹಾಗೇ ಇತ್ತು.

ನಿಯಮದಂತೆ ಬೇರೆ ಪಿಸ್ತೂಲಿನಲ್ಲಿ ಆ ಸುತ್ತನ್ನು ಪೂರ್ತಿ ಮಾಡಲು ಬಿಟ್ಟರು. ಕೈ ನಡುಗಿತ್ತು, ಅಂಕ ಬರಲಿಲ್ಲ, ಫೈನಲ್ ತಪ್ಪಿತು. ಕಾರಿನಲ್ಲಿ ಅವಳು ಮಾತಾಡಲಿಲ್ಲ. ಸೊಸೈಟಿಯ ಗೇಟಿನಲ್ಲಿ ಕಾಕಾ ನಿಂತಿದ್ದರು. ‘ಅಜ್ಜಾ, ಟಪ್ ಅಂತು. ನಿಂತೆ’ ಎಂದಳು. ಕಾಕಾ ಅಂಕ ಎಷ್ಟು ಎಂದು ಕೇಳಲಿಲ್ಲ. ಅವಳ ಬಲಗೈ ಹಿಡಿದು ಬೆರಳುಗಳನ್ನು ಒಂದೊಂದಾಗಿ ಮಡಿಸಿ ನೋಡಿದರು. ‘ಐದೂ ಅದಾವಲ್ಲ, ಗೆದ್ದಿ’ ಎಂದರು.

ಆ ಲಾಟಿನ ನಂಬರು ಬರೆದು ಮಾರಿದವರಿಗೆ ತಿಳಿಸಿದೆವು. ಉಳಿದ ಗುಂಡುಗಳನ್ನು ಕ್ಲಬ್ಬಿನವರು ಬದಿಗಿಟ್ಟರು. ಗುಂಡುಗಳನ್ನು ಅವುಗಳ ಡಬ್ಬಿಯಲ್ಲೇ ಇಡಬೇಕು ಎನ್ನುವುದು ಇದಕ್ಕೇ. ಬೇರೆ ಡಬ್ಬಕ್ಕೆ ಸುರಿದರೆ ಲಾಟಿನ ಗುರುತೇ ಹೋಗುತ್ತದೆ.

ನಮ್ಮ ಓದುಗರಲ್ಲಿ ಪರವಾನಗಿಯ ಪಿಸ್ತೂಲು ಇರುವವರು ಇದ್ದಾರೆ, ಕೈಲ್ ಪೊಳ್ದ್ ಹಬ್ಬಕ್ಕೆ ಊರಿಗೆ ಹೋಗಿ ಕೋವಿಗೆ ಪೂಜೆ ಮಾಡಿ ಬರುವ ಕೊಡಗಿನವರೂ ಇದ್ದಾರೆ. ನಿಮಗೆ ನಾನು ಹೇಳಿಕೊಡುವುದು ಏನೂ ಇಲ್ಲದಿರಬಹುದು. ಆದರೂ ಮುಂಬಯಿ, ಚೆನ್ನೈಗಳ ತೇವದ ಗಾಳಿಯಲ್ಲಿ ಕಪಾಟಿನಲ್ಲಿ ವರ್ಷಗಟ್ಟಲೆ ಕೂತ ಗುಂಡುಗಳನ್ನು ಒಮ್ಮೆ ಬೆಳಕಿಗೆ ಹಿಡಿದು ನೋಡಿ. ಎಣ್ಣೆ ಹಚ್ಚಬೇಡಿ, ಅದು ಪ್ರೈಮರಿನೊಳಗೆ ಇಳಿಯುತ್ತದೆ. ಟ್ರಿಗರ್ ಒತ್ತಿದರೂ ಸದ್ದೇ ಬರದಿದ್ದರೆ ಕೂಡಲೇ ತೆರೆಯಬೇಡಿ. ಸುರಕ್ಷಿತ ದಿಕ್ಕಿಗೆ ಹಿಡಿದು ಕನಿಷ್ಠ ಮೂವತ್ತು ಸೆಕೆಂಡು ಕಾಯಿರಿ, ತಡವಾಗಿ ಹೊತ್ತುವುದುಂಟು. ಕೆಟ್ಟ ಗುಂಡನ್ನು ಕಸದ ಬುಟ್ಟಿಗೆ ಹಾಕಬೇಡಿ, ರೇಂಜಿಗೋ ಪರವಾನಗಿ ಇರುವ ಅಂಗಡಿಗೋ ಒಪ್ಪಿಸಿ. ಕನ್ನಡಕ ಹಾಕದೆ ಹಾರಿಸಬೇಡಿ.

ಮಗಳು ಈಗಲೂ ಪ್ರತಿ ಡಬ್ಬಿಯನ್ನೂ ಕರವಸ್ತ್ರದ ಮೇಲೆ ಸುರಿದು ಆರಿಸುತ್ತಾಳೆ. ಆ ದಿನ ‘ರ‍್ಯಾಕ್ ಕರ್’ ಎಂದಿದ್ದ ಹುಡುಗ ಹೋದ ವಾರ ಪಕ್ಕದಲ್ಲಿ ಬಂದು ಕೂತು, ತನ್ನ ಡಬ್ಬಿಯನ್ನೂ ಸುರಿದ.

ಮುಂದಿನ ತಿಂಗಳು ಮತ್ತೆ ಭೇಟಿ.