ಸಾಧಾರಣ ಆಟಗಾರನ ಹಕ್ಕು

ಪಂಪ್ಸಿ ಗ್ರೀನ್ ಬೇಸ್‌ಬಾಲ್‌ನ ಮಹಾನ್ ಆಟಗಾರರೇನಲ್ಲ. ಸೆಕೆಂಡ್ ಬೇಸ್ ಮತ್ತು ಶಾರ್ಟ್‌ಸ್ಟಾಪ್ ಸ್ಥಾನಗಳಲ್ಲಿ ಆಡುತ್ತಿದ್ದ ಈ ಇನ್‌ಫೀಲ್ಡರ್ ಐದು ಋತುಗಳಲ್ಲಿ ಆಡಿದ್ದು 344 ಪಂದ್ಯ, ಹೊಡೆದದ್ದು 13 ಹೋಮ್ ರನ್, ಬ್ಯಾಟಿಂಗ್ ಸರಾಸರಿ.246. ಇಂಥ ಅಂಕಿಗಳ ಬಿಳಿಯ ಆಟಗಾರರು ಅಂದು ಎಲ್ಲ ತಂಡಗಳಲ್ಲೂ ಇದ್ದರು, ಮರೆತೂ ಹೋದರು. ಗ್ರೀನ್ ಅವರ ಹೆಸರನ್ನು ಉಳಿಸಿದ್ದು ಬಾಸ್ಟನ್ ರೆಡ್ ಸಾಕ್ಸ್ ತಂಡದ ಹಠ. 1959ರ ಜುಲೈ 21ರಂದು ಷಿಕಾಗೊದಲ್ಲಿ ಬದಲಿ ಓಟಗಾರರಾಗಿ ಅಂಗಳಕ್ಕಿಳಿದ ಅವರು ಆ ತಂಡದ ಮೊದಲ ಕಪ್ಪು ಆಟಗಾರ. ಮೇಜರ್ ಲೀಗಿನ 16 ತಂಡಗಳಲ್ಲಿ ಕಟ್ಟಕಡೆಗೆ ಬಾಗಿಲು ತೆರೆದದ್ದು ರೆಡ್ ಸಾಕ್ಸ್.

ಅವಕಾಶ ಬಂದಿರಲಿಲ್ಲವೆಂದಲ್ಲ. 1945ರ ಏಪ್ರಿಲ್‌ನಲ್ಲಿ, ಭಾನುವಾರದ ಪಂದ್ಯಗಳಿಗೆ ಅನುಮತಿ ತಡೆಯುವುದಾಗಿ ನಗರಸಭಾ ಸದಸ್ಯ ಇಸಡೋರ್ ಮಚ್ನಿಕ್ ಪಟ್ಟು ಹಿಡಿದ ಮೇಲೆ, ಜಾಕಿ ರಾಬಿನ್ಸನ್, ಸ್ಯಾಮ್ ಜೆಥ್ರೊ, ಮಾರ್ವಿನ್ ವಿಲಿಯಮ್ಸ್ ಎಂಬ ಮೂವರನ್ನು ಫೆನ್ವೇ ಪಾರ್ಕಿಗೆ ಕರೆಸಿ ಪರೀಕ್ಷಿಸಿದ ಶಾಸ್ತ್ರವಾಯಿತು. ಯಾರಿಗೂ ಮರುಕರೆ ಬರಲಿಲ್ಲ. ರಾಬಿನ್ಸನ್ 1947ರಲ್ಲಿ ಬ್ರೂಕ್ಲಿನ್ ತಂಡ ಸೇರಿದರು. ಜೆಥ್ರೊ ಅದೇ ಬಾಸ್ಟನ್ನಿನ ಇನ್ನೊಂದು ತಂಡವಾದ ಬ್ರೇವ್ಸ್ ಪರ ಆಡಿ 1950ರಲ್ಲಿ ವರ್ಷದ ಶ್ರೇಷ್ಠ ಹೊಸ ಆಟಗಾರನೆನಿಸಿದರು. ರಾಬಿನ್ಸನ್ ಹತ್ತು ಋತುಗಳನ್ನು ಪೂರೈಸಿ ನಿವೃತ್ತರಾದರೂ ರೆಡ್ ಸಾಕ್ಸ್‌ಗೆ ‘ಅರ್ಹ’ ಕಪ್ಪು ಆಟಗಾರ ಸಿಕ್ಕಿರಲಿಲ್ಲ! ಅಮೆರಿಕದ ಕನ್ನಡಿಗರ ಭೋಜನಕೂಟಗಳಲ್ಲಿ ಮೀಸಲಾತಿಯ ಪ್ರಸ್ತಾಪ ಬಂದೊಡನೆ ಕೇಳಿಬರುವ ‘ಮೆರಿಟ್’ ಎಂಬ ಪದಕ್ಕೂ ಈ ಅರ್ಹತೆಗೂ ಹತ್ತಿರದ ನೆಂಟಸ್ತಿಕೆಯಿದೆ.

1959ರ ವಸಂತದ ತರಬೇತಿ ಶಿಬಿರ ಅರಿಝೋನಾದ ಸ್ಕಾಟ್ಸ್‌ಡೇಲ್‌ನಲ್ಲಿತ್ತು. ತಂಡ ತಂಗಿದ್ದ ಹೋಟೆಲಿನಲ್ಲಿ ಗ್ರೀನ್ ಅವರಿಗೆ ಜಾಗವಿರಲಿಲ್ಲ. ಅವರು ಫೀನಿಕ್ಸ್‌ನಿಂದ ಬಂದುಹೋಗಬೇಕಾಯಿತು. ಆದರೂ ಸೊಗಸಾಗಿ ಆಡಿದರು. ಋತು ಆರಂಭವಾಗುವ ಹೊತ್ತಿಗೆ ಅವರನ್ನು ಮಿನಿಯಾಪೊಲಿಸ್‌ನ ಕೆಳದರ್ಜೆಯ ತಂಡಕ್ಕೆ ಮರಳಿ ಅಟ್ಟಲಾಯಿತು. ಪ್ರತಿಭಟನೆ ಎದ್ದಿತು, ಮ್ಯಾಸಚೂಸೆಟ್ಸ್ ರಾಜ್ಯದ ತಾರತಮ್ಯ ವಿರೋಧಿ ಆಯೋಗ ವಿಚಾರಣೆ ನಡೆಸಿತು. ಮಿನಿಯಾಪೊಲಿಸ್‌ನಲ್ಲಿ ಅವರ ಸರಾಸರಿ .320 ಇರುವಾಗ ಬಾಸ್ಟನ್ ಕೊನೆಗೂ ಕರೆಸಿಕೊಂಡಿತು. ಫೆನ್ವೇಯಲ್ಲಿ ಬ್ಯಾಟ್ ಹಿಡಿದ ಮೊದಲ ಸರದಿಯಲ್ಲೇ ಅವರು ಚೆಂಡನ್ನು ಎಡಭಾಗದ ಎತ್ತರದ ಗೋಡೆಗೆ ಬಡಿದು ಮೂರನೇ ಬೇಸ್ ಮುಟ್ಟಿದರು.

ರಾಬಿನ್ಸನ್ ಅವರಂಥ ಅಸಾಮಾನ್ಯರನ್ನು ಒಳಬಿಟ್ಟುಕೊಳ್ಳುವುದು ಯಾವ ವ್ಯವಸ್ಥೆಗೂ ಅಷ್ಟೇನೂ ಕಷ್ಟವಲ್ಲ. ಅದರಿಂದ ಲಾಭವೇ ಹೆಚ್ಚು. .246 ಸರಾಸರಿಯ ಬಿಳಿಯನಿಗೆ ಬೆಂಚಿನ ಮೇಲೆ ಸಿಗುವ ಜಾಗ ಅದೇ ಸರಾಸರಿಯ ಕಪ್ಪು ಮನುಷ್ಯನಿಗೂ ಸಿಗುತ್ತದೆಯೇ ಎಂಬಲ್ಲಿ ಸಮಾನತೆಯ ಪರೀಕ್ಷೆ ನಡೆಯುತ್ತದೆ. ಗ್ರೀನ್ ಅವರಿಗೆ ಆ ಜಾಗ ಸಿಕ್ಕಿತು, ನೆಮ್ಮದಿ ಸಿಗಲಿಲ್ಲ. ಟೆಡ್ ವಿಲಿಯಮ್ಸ್ ಪಂದ್ಯಕ್ಕೆ ಮುನ್ನ ಅವರನ್ನೇ ಜೊತೆಗಾರನನ್ನಾಗಿ ಆರಿಸಿಕೊಂಡು ಚೆಂಡೆಸೆತದ ಅಭ್ಯಾಸ ಮಾಡುತ್ತಿದ್ದುದು ನಿಜ. ಆದರೆ ಇಡೀ ಜನಾಂಗದ ಪರವಾಗಿ ಬ್ಯಾಟ್ ಹಿಡಿಯಬೇಕಾದ ಹೊರೆ ಉಳಿದ ಯಾವ ಸಾಧಾರಣ ಆಟಗಾರನ ಹೆಗಲ ಮೇಲಿತ್ತು?

1963ರಲ್ಲಿ ನ್ಯೂಯಾರ್ಕ್ ಮೆಟ್ಸ್ ಪರ ಆಡಿದ್ದೇ ಮೇಜರ್ ಲೀಗಿನಲ್ಲಿ ಕೊನೆ. ಅನಂತರ ಅವರು ಕ್ಯಾಲಿಫೋರ್ನಿಯಾದ ಬರ್ಕ್ಲಿ ಹೈಸ್ಕೂಲಿನಲ್ಲಿ ದೀರ್ಘಕಾಲ ಮಕ್ಕಳಿಗೆ ಬೇಸ್‌ಬಾಲ್ ಕಲಿಸಿದರು. ಕಪ್ಪು ಆಟಗಾರರನ್ನು ಅಷ್ಟು ವರ್ಷ ಹೊರಗಿಟ್ಟ ತಂಡದ ಮಾಲೀಕ ಟಾಮ್ ಯಾಕಿಯ ಹೆಸರು ಮಾತ್ರ ಫೆನ್ವೇ ಪಕ್ಕದ ರಸ್ತೆಯ ಮೇಲೆ ದಶಕಗಳ ಕಾಲ ಉಳಿದಿತ್ತು. ಅದನ್ನು ತೆಗೆದು ಹಳೆಯ ಜರ್ಸಿ ಸ್ಟ್ರೀಟ್ ಎಂಬ ಹೆಸರನ್ನೇ ಮರಳಿ ಇಟ್ಟದ್ದು 2018ರಲ್ಲಿ. ಆಗ ಗ್ರೀನ್ ಅವರಿಗೆ 84 ವರ್ಷ.